ಕೀ ಕೊಡುವ ಗಡಿಯಾರ ನಿಂತರೆ ಎಲ್ಲಿಂದ ಹುಡುಕಬೇಕು?

ಬ್ಯಾಟರಿ ಗಡಿಯಾರ ಕೆಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ. ಸೆಲ್ ಬದಲಾಯಿಸಿ ನೋಡುತ್ತೀರಿ. ನಡೆದರೆ ನಡೆಯಿತು, ಇಲ್ಲದಿದ್ದರೆ ಒಳಗಿನ ಯಂತ್ರವನ್ನೇ ಕಿತ್ತು ಹೊಸದು ಕೂರಿಸುತ್ತಾರೆ. ಕೀ ಕೊಡುವ ಗಡಿಯಾರದ ಜಾಯಮಾನವೇ ಬೇರೆ. ಅದು ಎಷ್ಟು ಹೊತ್ತಿಗೆ ನಿಂತಿತು, ನಿಲ್ಲುವ ಮುಂಚೆ ಸದ್ದು ಹೇಗಿತ್ತು, ವಾರಕ್ಕೆ ಎಷ್ಟು ನಿಮಿಷ ಹಿಂದೆ ಬಿತ್ತು ಎನ್ನುವುದನ್ನು ಗಮನಿಸಿದರೆ ದೋಷ ಎಲ್ಲಿದೆ ಎಂಬುದು ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ. 1969ರ ಕೊನೆಯಲ್ಲಿ ಸೈಕೋ ಕಂಪನಿ ಬ್ಯಾಟರಿ ಮತ್ತು ಹರಳಿನ ಕಂಪನದಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಬಿಟ್ಟ ಮೇಲೆ ನಿಖರತೆಯ ಪಂದ್ಯ ಅಲ್ಲಿಗೇ ಮುಗಿಯಿತು. ಈಗಿನ ಕ್ವಾರ್ಟ್ಜ್ ವಾಚುಗಳಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಹರಳಿಗೆ ಯಾವ ಸ್ಪ್ರಿಂಗೂ ಸಾಟಿಯಲ್ಲ. ಆದರೂ ಗೋಡೆಯ ಮೇಲೆ ಲೋಲಕ ಆಡುತ್ತಲೇ ಇದೆ, ಮಣಿಕಟ್ಟಿನ ಮೇಲೆ, ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ವಾಚು ಉಳಿದೇ ಇದೆ. ಇದಕ್ಕೆ ಅಂದ, ನೆನಪು, ಅಂತಸ್ತು ಎಂದೆಲ್ಲ ಕಾರಣ ಕೊಡುವುದುಂಟು. ನನಗೆ ಅನ್ನಿಸುವ ಕಾರಣ ಇಷ್ಟೇ: ಮನೆಯಲ್ಲಿರುವ ಯಂತ್ರಗಳ ಪೈಕಿ ಕೆಟ್ಟಾಗ ಕಣ್ಣು, ಕಿವಿ ನಂಬಿ ಕಾರಣ ಹುಡುಕಬಹುದಾದದ್ದು ಇದೊಂದೇ.

ಹುಡುಕುವುದಕ್ಕೂ ಒಂದು ಕ್ರಮ ಇದೆ. ಮೊದಲು ಗಡಿಯಾರ ಇರುವ ಜಾಗ, ಆಮೇಲೆ ಮುಳ್ಳುಗಳು, ಆಮೇಲೆ ಕೀ, ಕಟ್ಟಕಡೆಗೆ ಎಣ್ಣೆ ಮತ್ತು ಸವೆತ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಿಂತ ಕೂಡಲೇ ಹಿಂಬಾಗಿಲು ತೆಗೆದು ಎಣ್ಣೆ ಬಿಡುತ್ತಾರೆ, ಎಣ್ಣೆ ಕೇಳದೇ ಇದ್ದ ಗಡಿಯಾರಕ್ಕೆ ಹೊಸ ರೋಗ ತರಿಸುತ್ತಾರೆ.

ಮುಟ್ಟುವ ಮುಂಚೆ

ನಿಂತ ಗಡಿಯಾರದ ಲೋಲಕವನ್ನು ತಟ್ಟಿ ಮತ್ತೆ ಓಡಿಸುವ ಆತುರ ಬೇಡ. ಮುಳ್ಳುಗಳು ಎಲ್ಲಿ ನಿಂತಿವೆ ಎಂಬುದನ್ನು ಬರೆದಿಡಿ, ಅಥವಾ ಒಂದು ಫೋಟೋ ತೆಗೆಯಿರಿ. ಕೀ ಕೊಟ್ಟು ಎಷ್ಟು ದಿನವಾಯಿತು, ಇತ್ತೀಚೆಗೆ ಗಡಿಯಾರವನ್ನು ಇಳಿಸಿ ಒರೆಸಿದ್ದುಂಟೇ, ಗೋಡೆಗೆ ಬಣ್ಣ ಹೊಡೆಸಿದ್ದುಂಟೇ ಎಂದು ನೆನಪು ಮಾಡಿಕೊಳ್ಳಿ. ಆಮೇಲೆ ಓಡಿಸಿ, ಮತ್ತೆ ನಿಂತರೆ ಮತ್ತೆ ಬರೆದಿಡಿ. ಎರಡು ಮೂರು ಸಲ ನಿಂತ ಹೊತ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಅರ್ಧ ಕೆಲಸ ಮುಗಿಯಿತು.

ಲೋಲಕ ಆಡುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ

ಜಾಗ ಬದಲಿಸಿದ ಮೇಲೆ, ಒರೆಸಿದ ಮೇಲೆ, ಮೊಳೆ ಬದಲಿಸಿದ ಮೇಲೆ ನಿಲ್ಲತೊಡಗಿದ ಗಡಿಯಾರದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕೆಟ್ಟಿರುವುದು ಏನೂ ಇರುವುದಿಲ್ಲ, ತಾಳ ತಪ್ಪಿರುತ್ತದೆ ಅಷ್ಟೇ. ಕಣ್ಣು ಮುಚ್ಚಿ ಕಿವಿಗೊಟ್ಟು ಕೇಳಿ. ಟಿಕ್, ಟಾಕ್, ಟಿಕ್, ಟಾಕ್ ಎಂದು ಎರಡೂ ಸದ್ದಿನ ನಡುವೆ ಒಂದೇ ಅಂತರ ಇರಬೇಕು. ಟಿಕ್‌ಟಾಕ್... ಟಿಕ್‌ಟಾಕ್... ಎಂದು ಕುಂಟುತ್ತಿದ್ದರೆ ಲೋಲಕಕ್ಕೆ ಒಂದು ಬದಿಯಿಂದ ಸಿಗುವ ತಳ್ಳು ಇನ್ನೊಂದು ಬದಿಯಿಂದ ಸಿಗುತ್ತಿಲ್ಲ ಎಂದು ಅರ್ಥ. ಒಳಗೆ ಎಸ್ಕೇಪ್ ವೀಲ್ ಎಂಬ ಹಲ್ಲುಚಕ್ರದ ಒಂದೊಂದು ಹಲ್ಲೂ ಲೋಲಕದ ಜೊತೆ ಆಡುವ, ಲಂಗರಿನಾಕಾರದ ಆಂಕರ್‌ನ ಎರಡು ತುದಿಗಳಿಗೆ ಸಿಕ್ಕಿ, ಬಿಡಿಸಿಕೊಂಡು ಹೋಗುತ್ತದೆ. ನಾವು ಕೇಳುವ ಸದ್ದು ಅದೇ. ಬಿಡಿಸಿಕೊಳ್ಳುವಾಗ ಹಲ್ಲು ಆಂಕರನ್ನು ಚೂರು ತಳ್ಳುತ್ತದೆ, ಆ ತಳ್ಳಿನ ಮೇಲೆ ಲೋಲಕದ ಜೀವ. ಒಂದು ಬದಿಯಲ್ಲಿ ಬಿಡುಗಡೆ ತಡವಾದರೆ ಲೋಲಕ ಅಲ್ಲಿಯವರೆಗೆ ಹೋಗಲಾರದೆ ದಿನದಿನಕ್ಕೆ ಸೋಲುತ್ತದೆ.

ಸರಿಪಡಿಸುವುದು ಸುಲಭ. ಗೋಡೆ ಗಡಿಯಾರವಾದರೆ ಮೇಲಿನ ಮೊಳೆ ಅಲ್ಲೇ ಇರಲಿ. ಪೆಟ್ಟಿಗೆಯ ಕೆಳತುದಿಯನ್ನು ಎಡಕ್ಕೆ ಚೂರು ಸರಿಸಿ ಕೇಳಿ, ಕುಂಟು ಹೆಚ್ಚಾದರೆ ಬಲಕ್ಕೆ ಸರಿಸಿ. ಸದ್ದು ಸಮವಾದ ಕಡೆ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿ. ಮುಂದಿನ ಸಲ ಒರೆಸಲು ಇಳಿಸಿದವರಿಗೆ ಅದು ಉಪಕಾರ. ಆಗ ಪೆಟ್ಟಿಗೆ ಸೊಟ್ಟಗೆ ಕಾಣಬಹುದು. ರಸಮಟ್ಟ ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಕಿವಿಯ ಮಾತು ಕೇಳಿ, ಗಡಿಯಾರಕ್ಕೆ ಬೇಕಾದದ್ದು ತಾಳ, ಮಟ್ಟವಲ್ಲ. ಸೊಟ್ಟ ನೋಡಲಾಗುವುದಿಲ್ಲ ಎನ್ನುವವರು ಲೋಲಕದ ಹಿಂದೆ ಇಳಿಬಿದ್ದಿರುವ ಕ್ರಚ್ ಎಂಬ ತೆಳು ತೋಳನ್ನು ಬಗ್ಗಿಸಬೇಕು. ಪೆಟ್ಟಿಗೆಯ ಯಾವ ಬದಿ ಎತ್ತಿದಾಗ ಸದ್ದು ಸಮವಾಗುತ್ತದೋ ಆ ಬದಿಯ ಕಡೆಗೇ ತೋಳನ್ನು ಕೂದಲೆಳೆಯಷ್ಟು ಒತ್ತಿ, ಪೆಟ್ಟಿಗೆ ನೆಟ್ಟಗೆ ಮಾಡಿ, ಮತ್ತೆ ಕೇಳಿ. ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಬಗ್ಗಿಸುವಾಗ ತೋಳಿನ ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದಿರಿ, ಇಲ್ಲದಿದ್ದರೆ ಬಲವೆಲ್ಲ ಆಂಕರ್ ಮೇಲೆ ಬೀಳುತ್ತದೆ.

ಸದ್ದು ಸಮವಾಗಿದೆ, ಆದರೂ ನಿಲ್ಲುತ್ತದೆ ಎಂದಾದರೆ ಲೋಲಕವನ್ನು ಮೇಲಿಂದ ಕೆಳಗೆ ನೋಡುತ್ತ ಬನ್ನಿ. ಅದು ನೇತಾಡುವುದು ತೆಳ್ಳನೆಯ ಉಕ್ಕಿನ ಪಟ್ಟಿಯ ಮೇಲೆ. ಲೋಲಕ ಹಾಕಿದ ಹಾಗೇ ಗಡಿಯಾರ ಹೊತ್ತು ನಡೆದವರ ಮನೆಯಲ್ಲಿ ಈ ಪಟ್ಟಿ ಮಡಿಸಿಕೊಂಡೇ ಇರುತ್ತದೆ. ಮಡಿಸಿದ ಪಟ್ಟಿಯ ಲೋಲಕ ಎಡಬಲ ಆಡುವ ಬದಲು ತಿರುಚಿಕೊಳ್ಳುತ್ತ, ಹಿಂದೆ ಮುಂದೆ ನಡುಗುತ್ತ ಆಡುತ್ತದೆ. ನೆಟ್ಟಗೆ ಮಾಡಲು ಹೋಗಬೇಡಿ, ಅದೇ ಉದ್ದ, ಅದೇ ದಪ್ಪದ ಹೊಸ ಪಟ್ಟಿ ಹಾಕಿಸಿ. ಲೋಲಕದ ಬಿಲ್ಲೆ ಹಿಂದಿನ ಹಲಗೆಗೆ ತಾಗುತ್ತಿದೆಯೇ ಎಂದೂ ನೋಡಿ. ಪೆಟ್ಟಿಗೆ ಮುಂದಕ್ಕೆ ಅಥವಾ ಹಿಂದಕ್ಕೆ ವಾಲಿದ್ದರೆ ತಾಗುತ್ತದೆ.

ಇನ್ನೊಂದು ವಿಚಿತ್ರ ದೋಷ ನೆಲದ ಮೇಲೆ ನಿಲ್ಲಿಸುವ, ತೂಕದ ಗುಂಡು ಇಳಿಯುವ ಉದ್ದನೆಯ ಗಡಿಯಾರಗಳದ್ದು. ವಾರಕ್ಕೊಮ್ಮೆ ಕೀ ಕೊಟ್ಟರೆ ನಾಲ್ಕೈದು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ, ಮತ್ತೆ ಕೀ ಕೊಟ್ಟರೆ ಮತ್ತೆ ಸರಿ. ಸ್ಪ್ರಿಂಗ್ ದಣಿದಿದೆ ಎನ್ನೋಣವೆಂದರೆ ಇದರಲ್ಲಿ ಸ್ಪ್ರಿಂಗೇ ಇಲ್ಲ. ನಿಂತಾಗ ಗುಂಡುಗಳು ಎಷ್ಟು ಎತ್ತರದಲ್ಲಿವೆ ನೋಡಿ. ಲೋಲಕದ ಬಿಲ್ಲೆಯ ಆಸುಪಾಸಿನಲ್ಲಿದ್ದರೆ ಉತ್ತರ ಸಿಕ್ಕಿತು: ಪೆಟ್ಟಿಗೆ ಗಟ್ಟಿಯಾಗಿ ನಿಂತಿಲ್ಲ, ಲೋಲಕ ಆಡಿದಾಗ ಅದೂ ಕಾಣದಷ್ಟು ಆಡುತ್ತಿದೆ. ಗುಂಡಿನ ಹಗ್ಗದ ಉದ್ದ ಲೋಲಕದ ಉದ್ದಕ್ಕೆ ಸಮವಾದ ದಿನ ಗುಂಡೂ ತೂಗತೊಡಗಿ ಲೋಲಕದ ಶಕ್ತಿಯನ್ನು ಕದಿಯುತ್ತದೆ. 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಕ್ರಿಸ್ಟಿಯಾನ್ ಹೈಗನ್ಸ್ ಕೂಡ ಇಂಥದ್ದನ್ನು ಕಂಡಿದ್ದ. 1665ರಲ್ಲಿ ಒಂದೇ ತೊಲೆಗೆ ತೂಗುಹಾಕಿದ ಅವನ ಎರಡು ಗಡಿಯಾರಗಳ ಲೋಲಕಗಳು ತಾವಾಗಿಯೇ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಾಳ ಹೊಂದಿಸಿಕೊಂಡಿದ್ದವು. ಅವನಿಗೆ ಅದು ಅಚ್ಚರಿ, ನಮಗೆ ತಲೆನೋವು. ಪೆಟ್ಟಿಗೆಯ ಬೆನ್ನನ್ನು ಗೋಡೆಗೆ ಒಂದು ಸ್ಕ್ರೂ ಹಾಕಿ ಬಿಗಿದರೆ ಹೋಗುತ್ತದೆ.

ನಿಂತ ಹೊತ್ತು ಏನು ಹೇಳುತ್ತದೆ

ಈಗ ಬರೆದಿಟ್ಟ ಚೀಟಿ ತೆಗೆಯಿರಿ. ಗಂಟೆ ಮುಳ್ಳು, ನಿಮಿಷದ ಮುಳ್ಳು 12 ಗಂಟೆಗಳಲ್ಲಿ ಒಂದರ ಮೇಲೊಂದು ಬರುವುದು 11 ಸಲ: 12:00, 1:05, 2:11, 3:16, 4:22, 5:27, 6:33, 7:38, 8:44, 9:49, 10:55. ನಿಮ್ಮ ಗಡಿಯಾರ ನಿಂತದ್ದು ಈ ಹೊತ್ತುಗಳ ಹತ್ತಿರವಾದರೆ ಒಳಗೆ ನೋಡುವ ಅಗತ್ಯವೇ ಇಲ್ಲ, ಮುಳ್ಳು ಮುಳ್ಳಿಗೆ ತಾಗುತ್ತಿದೆ. ಗಾಜಿನ ಬಾಗಿಲು ತೆರೆದು ಪಕ್ಕದಿಂದ, ಡಯಲ್‌ನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಎರಡರ ನಡುವೆ ಒಂದು ಕಾಗದದ ಚೂರು ತೂರಿಸಿ ಎಳೆಯಿರಿ. ಸಿಕ್ಕಿಕೊಂಡರೆ ನಿಮಿಷದ ಮುಳ್ಳಿನ ತುದಿಯನ್ನು ನಮ್ಮ ಕಡೆಗೆ ಚೂರು ಎತ್ತಿ. ಹೆಚ್ಚು ಎತ್ತಿದರೆ ಗಾಜಿಗೆ ತಾಗುತ್ತದೆ. ಉಬ್ಬಿದ ಗಾಜಿನಲ್ಲಿ ಅಂಚಿನ ಕಡೆ ಜಾಗ ಕಡಿಮೆ, ಆದ್ದರಿಂದ ಬಾಗಿಲು ಮುಚ್ಚಿದ ಮೇಲೆ ಒಂದು ಸುತ್ತು ಪೂರ್ತಿ ಓಡಿಸಿಯೇ ನೋಡಬೇಕು. ಬಾಗಿಲು ತೆರೆದಿಟ್ಟಾಗ ಓಡುವ, ಮುಚ್ಚಿದರೆ ನಿಲ್ಲುವ ಗಡಿಯಾರಕ್ಕೂ ಇದೇ ಕಾರಣ.

ಗಂಟೆ ಹೊಡೆಯುವ ಗಡಿಯಾರ ಪ್ರತಿ ಸಲ ಗಂಟೆಗೆ ಐದಾರು ನಿಮಿಷ ಇರುವಾಗ ನಿಲ್ಲುತ್ತಿದ್ದರೆ ಕಾರಣ ಬೇರೆ. ಆ ಹೊತ್ತಿಗೆ ಓಟದ ಚಕ್ರಗಳು ಗಂಟೆ ಹೊಡೆಯುವ ಸನ್ನೆಗಳನ್ನು ಮೇಲೆತ್ತುತ್ತಿರುತ್ತವೆ, ‘ಕ್ಲಿಕ್’ ಎಂದು ಒಂದು ಸದ್ದೂ ಕೇಳುತ್ತದೆ. ಚೊಕ್ಕಟವಾಗಿರುವ ಯಂತ್ರಕ್ಕೆ ಇದು ಭಾರವೇ ಅಲ್ಲ. ಜಿಡ್ಡುಗಟ್ಟಿದ ಯಂತ್ರ ಇಲ್ಲಿ ಸೋಲುತ್ತದೆ. ಇದು ಸರ್ವಿಸ್‌ಗೆ ಕೊಡುವ ಗಡಿಯಾರ. 12 ಮತ್ತು 1ರ ನಡುವೆ ಮಾತ್ರ ಸಿಕ್ಕಿಕೊಂಡು ನಿಲ್ಲುವುದಾದರೆ ಗಂಟೆ ಹೊಡೆಯುವ ಸ್ಪ್ರಿಂಗ್‌ಗೆ ಕೀ ಕೊಟ್ಟಿದ್ದೀರಾ ನೋಡಿ. ರ್ಯಾಕ್ ಪದ್ಧತಿಯ, ಅಂದರೆ ರ್ಯಾಕ್ ಎಂಬ ಹಲ್ಲುಪಟ್ಟಿ ಮೆಟ್ಟಿಲು ಕೊರೆದ ಚಕ್ರವನ್ನು ಮುಟ್ಟಿ ಗಂಟೆ ಎಣಿಸುವ ಯಂತ್ರದಲ್ಲಿ ಹೊಡೆಯುವ ಭಾಗ ನಿಶ್ಶಕ್ತವಾದರೆ ಕೆಳಗೆ ಬಿದ್ದ ರ್ಯಾಕ್ ಮೇಲೇಳದೆ 12ರ ಮೆಟ್ಟಿಲಿಗೆ ಸಿಕ್ಕಿ ಇಡೀ ಗಡಿಯಾರವನ್ನೇ ಹಿಡಿದು ನಿಲ್ಲಿಸುತ್ತದೆ. “ಸದ್ದು ಬೇಡ, ನಿದ್ದೆ ಕೆಡುತ್ತದೆ” ಎಂದು ಒಂದೇ ಕಡೆ ಕೀ ಕೊಡುವ ಮನೆಗಳಲ್ಲಿ ಈ ದೂರು ಬರುವುದು.

ಕೀ ಹೆಚ್ಚಾಗಿ ನಿಂತಿದೆ ಎನ್ನುವ ಮಾತು

ಇದು ಗಡಿಯಾರಗಳ ಮೇಲಿನ ಹಳೆಯ ಅಪವಾದ. ಸ್ಪ್ರಿಂಗ್ ಪೂರ್ತಿ ಸುತ್ತಿಕೊಳ್ಳುವುದೇ ಅದರ ಕೆಲಸ, ಪೂರ್ತಿ ಸುತ್ತಿದ ಮಾತ್ರಕ್ಕೆ ಯಾವ ಗಡಿಯಾರವೂ ನಿಲ್ಲುವುದಿಲ್ಲ. ಪೂರ್ತಿ ಕೀ ಇದ್ದೂ ನಿಂತಿದೆ ಎಂದರೆ ಸ್ಪ್ರಿಂಗ್‌ನ ಸುರುಳಿಗಳ ನಡುವಿನ ಹಳೆಯ ಎಣ್ಣೆ ಅಂಟಾಗಿದೆ, ಅಥವಾ ಮುಂದಿನ ಚಕ್ರಗಳಲ್ಲಿ ಎಲ್ಲೋ ತಡೆ ಇದೆ. ಕೊನೆಯಲ್ಲಿ ಕೀ ಬಿಗಿಯಾದಾಗ ಬಲ ಹಾಕಿ ಇನ್ನೊಂದು ಸುತ್ತು ಕೊಡುವುದು ಮಾತ್ರ ತಪ್ಪು, ಸ್ಪ್ರಿಂಗ್ ತುಂಡಾಗಬಹುದು. ಕೀ ತಿರುಗುತ್ತಲೇ ಇದೆ, ಬಿಗಿಯೇ ಆಗುತ್ತಿಲ್ಲ ಎಂದರೆ ತುಂಡಾಗಿಯೇ ಇದೆ, ಇಲ್ಲವೇ ಕೊಂಡಿಯಿಂದ ಕಳಚಿದೆ.

ಕೀ ಕೊಟ್ಟು ಕೈಬಿಟ್ಟರೆ ಹಿಂದಕ್ಕೆ ಸರ್ರನೆ ತಿರುಗುವ ಗಡಿಯಾರವನ್ನು ಮನೆಯಲ್ಲಿ ಮುಟ್ಟಬೇಡಿ. ಸ್ಪ್ರಿಂಗನ್ನು ಹಿಡಿದಿಡುವ ಕಟಕಟ ಎನ್ನುವ ಹಲ್ಲಿನ ಬೀಗ ಸವೆದಿದೆ ಎಂಬುದರ ಗುರುತು ಅದು. ಕೀ ತುಂಬಿದ ಯಂತ್ರದ ಎರಡು ಹಿತ್ತಾಳೆ ಫಲಕಗಳ ನಡುವಿನ ನಟ್ಟುಗಳನ್ನಂತೂ ಯಾವ ಕಾರಣಕ್ಕೂ ಸಡಿಲಿಸಬಾರದು. ವಾರವಿಡೀ ಗಡಿಯಾರ ಓಡಿಸಬೇಕಾದ ಬಲ ಒಂದೇ ಕ್ಷಣದಲ್ಲಿ ಹೊರಗೆ ಬರುತ್ತದೆ, ಬೆರಳು ಹೋಗುತ್ತದೆ.

ಮುಂದೆ ಓಡುತ್ತದೆ, ಹಿಂದೆ ಬೀಳುತ್ತದೆ

ಇದು ದೋಷಕ್ಕಿಂತ ಹೆಚ್ಚಾಗಿ ಹೊಂದಾಣಿಕೆಯ ಪ್ರಶ್ನೆ. ಲೋಲಕದ ಕೆಳಗಿರುವ ನಟ್ಟು ತಿರುಗಿಸಿ ಬಿಲ್ಲೆಯನ್ನು ಮೇಲಕ್ಕೆ ತಂದರೆ ಓಟ ಹೆಚ್ಚುತ್ತದೆ, ಕೆಳಗಿಳಿಸಿದರೆ ಕಡಿಮೆಯಾಗುತ್ತದೆ. ಎಷ್ಟು ಎಂಬುದಕ್ಕೂ ಲೆಕ್ಕ ಇದೆ. ಲೋಲಕದ ಉದ್ದ ನೂರಕ್ಕೆ ಒಂದು ಪಾಲು ಬದಲಾದರೆ ದಿನಕ್ಕೆ ಏಳು ನಿಮಿಷದಷ್ಟು ವ್ಯತ್ಯಾಸ. ಒಂದೊಂದು ಸದ್ದಿಗೂ ಒಂದೊಂದು ಸೆಕೆಂಡ್ ತೆಗೆದುಕೊಳ್ಳುವ ಲೋಲಕದ ಉದ್ದ ಸುಮಾರು 99.4 ಸೆಂ.ಮೀ., ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ದಿನಕ್ಕೆ ಸುಮಾರು 43 ಸೆಕೆಂಡ್. ಅರ್ಧ ಸೆಕೆಂಡಿನ ಗಿಡ್ಡ ಲೋಲಕದಲ್ಲಿ, ಅಂದರೆ 25 ಸೆಂ.ಮೀ. ಆಸುಪಾಸಿನದ್ದರಲ್ಲಿ, ಅದೇ ಒಂದು ಮಿಲಿಮೀಟರ್ ಹತ್ತಿರ ಹತ್ತಿರ ಮೂರು ನಿಮಿಷ. ಗಿಡ್ಡ ಲೋಲಕದ ನಟ್ಟನ್ನು ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ ಎನ್ನುವುದು ಇದಕ್ಕೇ.

ದಿನಕ್ಕೆ ಎರಡು ಸಲ ನೋಡಿ ದಿನವೂ ತಿರುಗಿಸುವವರ ಗಡಿಯಾರ ಎಂದೂ ಹದಕ್ಕೆ ಬರುವುದಿಲ್ಲ. ಸ್ಪ್ರಿಂಗ್ ಗಡಿಯಾರದ ಓಟ ಕೀ ತುಂಬಿದ ದಿನ ಒಂದು ತರಹ, ಏಳನೆಯ ದಿನ ಇನ್ನೊಂದು ತರಹ. ವಾರದ ಒಂದೇ ದಿನ, ಒಂದೇ ಹೊತ್ತಿಗೆ ಕೀ ಕೊಟ್ಟು ಪೂರ್ತಿ ಏಳು ದಿನದ ಮೊತ್ತ ನೋಡಿ, ಆಮೇಲೆ ಒಮ್ಮೆ ತಿರುಗಿಸಿ. ಸೆಖೆಗಾಲದಲ್ಲಿ ಚೂರು ಹಿಂದೆ ಬೀಳುವುದು ಸಹಜ: ಉಕ್ಕಿನ ಸರಳಿನ ಲೋಲಕ 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ದಿನಕ್ಕೆ ಐದು ಸೆಕೆಂಡಿನಷ್ಟು, ಹಿತ್ತಾಳೆಯದ್ದಾದರೆ ಎಂಟು ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ಊರು ಬದಲಿಸಿದವರಿಗೆ ಇನ್ನೊಂದು ಮಾತು. ಜಾನ್ ರಿಶೆ ಎಂಬ ಫ್ರೆಂಚ್ ಖಗೋಳಜ್ಞ 1672ರಲ್ಲಿ ಪ್ಯಾರಿಸ್‌ನಲ್ಲಿ ಹದ ಮಾಡಿದ ಗಡಿಯಾರವನ್ನು ಸಮಭಾಜಕದ ಹತ್ತಿರದ ಕಯೆನ್‌ಗೆ ಒಯ್ದಾಗ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಭೂಮಿ ಪೂರ್ತಿ ಗುಂಡಗಿಲ್ಲ, ಗುರುತ್ವ ಎಲ್ಲ ಕಡೆ ಒಂದೇ ಅಲ್ಲ ಎಂಬ ವಾದಕ್ಕೆ ಬಲ ಬಂದದ್ದು ಇಂಥ ಅಳತೆಗಳಿಂದ. ಸಾಗಿಸಿದವರು ಗಡಿಯಾರ ಕೆಡಿಸಿದರು ಎಂದು ಬೈಯುವ ಮುನ್ನ ನಟ್ಟು ತಿರುಗಿಸಿ ನೋಡಿ.

ನಾಲ್ಕು ಗಂಟೆಗೆ ಏಳು ಹೊಡೆಯುತ್ತದೆ

ಹಳೆಯ ಪದ್ಧತಿಯಲ್ಲಿ ಎಷ್ಟು ಹೊಡೆಯಬೇಕು ಎಂಬುದು ಕಚ್ಚು ಕೊರೆದ ಒಂದು ಎಣಿಕೆ ಚಕ್ರದಲ್ಲಿರುತ್ತದೆ. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು ಎಂದು ಅದು ತನ್ನ ಪಾಡಿಗೆ ಹೊಡೆಯುತ್ತ ಹೋಗುತ್ತದೆ, ಮುಳ್ಳು ಎಲ್ಲಿದೆ ಎಂಬ ಪರಿವೆ ಅದಕ್ಕಿಲ್ಲ. ಹೊಡೆಯುವ ಸ್ಪ್ರಿಂಗ್ ಮೊದಲು ಖಾಲಿಯಾದರೆ, ಅಥವಾ ಯಾರೋ ಮುಳ್ಳನ್ನು ಸರ್ರನೆ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ. 1676ರಲ್ಲಿ ಎಡ್ವರ್ಡ್ ಬಾರ್ಲೊ ಕಂಡುಹಿಡಿದ ರ್ಯಾಕ್ ಪದ್ಧತಿಯಲ್ಲಿ ಈ ರಗಳೆ ಇಲ್ಲ, ಅದು ಪ್ರತಿ ಸಲ ಗಂಟೆ ಮುಳ್ಳಿನ ಚಕ್ರವನ್ನೇ ಮುಟ್ಟಿ ನೋಡಿ ಎಣಿಸುತ್ತದೆ.

ಎಣಿಕೆ ತಪ್ಪಿದ್ದರೆ ಯಂತ್ರವನ್ನು ಸರಿಮಾಡುವ ಗೋಜು ಬೇಡ, ಮುಳ್ಳನ್ನು ಸರಿಮಾಡಿ. ನಿಮಿಷದ ಮುಳ್ಳನ್ನು ಮುಂದಕ್ಕೆ ತಿರುಗಿಸಿ 12ಕ್ಕೆ ತನ್ನಿ, ಎಷ್ಟು ಹೊಡೆಯಿತು ಎಣಿಸಿ. ಗಂಟೆ ಮುಳ್ಳು ಹೆಚ್ಚಿನ ಗಡಿಯಾರಗಳಲ್ಲಿ ಬರೀ ಬಿಗಿತದ ಮೇಲೆ ಕೂತಿರುತ್ತದೆ, ಅದನ್ನು ಮೆಲ್ಲಗೆ ಹೊಡೆದ ಎಣಿಕೆಗೆ ತಿರುಗಿಸಿ. ಆಮೇಲೆ ನಿಮಿಷದ ಮುಳ್ಳನ್ನು ಮುಂದಕ್ಕೇ ತಿರುಗಿಸುತ್ತ, ಪ್ರತಿ ಗಂಟೆಗೂ ಪೂರ್ತಿ ಹೊಡೆಯಲು ಬಿಟ್ಟು, ಸರಿಯಾದ ಹೊತ್ತಿಗೆ ತನ್ನಿ. ಸಹನೆ ಬೇಕು, 12 ಗಂಟೆಯ ಒಂದು ಪೂರ್ತಿ ಸುತ್ತಿಗೆ 78 ಹೊಡೆತ, ಅರ್ಧ ಗಂಟೆಗೂ ಒಂದೊಂದು ಹೊಡೆಯುವುದಾದರೆ 90. ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಮುಳ್ಳು ಹಿಂದಕ್ಕೆ ತಿರುಗಿಸುವುದಕ್ಕಿಂತ ಲೋಲಕ ನಿಲ್ಲಿಸಿ ಹತ್ತು ನಿಮಿಷ ಸುಮ್ಮನಿರುವುದು ವಾಸಿ.

ಎಣ್ಣೆ

ಎಣ್ಣೆ ಬೇಕಾದದ್ದು ಚಕ್ರಗಳ ಅಚ್ಚು ಹಿತ್ತಾಳೆ ಫಲಕದ ತೂತಿನಲ್ಲಿ ಕೂರುವ ಕಡೆ, ಸೂಜಿಯ ತುದಿಯಷ್ಟು. ಹಲ್ಲಿಗೆ ಹಲ್ಲು ತಾಗುವ ಕಡೆ ಬೇಡವೇ ಬೇಡ, ಅಲ್ಲಿ ಎಣ್ಣೆ ಧೂಳು ಹಿಡಿದು ಹಿತ್ತಾಳೆಯನ್ನೂ ಉಕ್ಕನ್ನೂ ತೇಯುತ್ತದೆ. ಅಡುಗೆ ಎಣ್ಣೆ ಅಂಟಾಗುತ್ತದೆ, ತುಕ್ಕು ಬಿಡಿಸುವ ಸ್ಪ್ರೇ ಹಳೆಯ ಕೊಳೆಯನ್ನು ಕರಗಿಸಿ ಎಲ್ಲ ತೂತಿಗೂ ಒಯ್ಯುತ್ತದೆ. ಸ್ಪ್ರೇ ಹೊಡೆದ ಗಡಿಯಾರ ಕೆಲವು ವಾರ ಚುರುಕಾಗಿ ಓಡುತ್ತದೆ. ವಾಸಿಯಾಯಿತು ಎಂದು ನಂಬಿಸಿ ಮೋಸ ಮಾಡುವುದು ಆ ಕೆಲವು ವಾರಗಳೇ. ಟಾರ್ಚ್ ಹಾಕಿ ಅಚ್ಚಿನ ಸುತ್ತ ನೋಡಿ. ಕಪ್ಪು ಅಥವಾ ಹಸಿರು ಮಸಿ ಕಂಡರೆ, ಚಕ್ರವನ್ನು ಅಲ್ಲಾಡಿಸಿದಾಗ ಅಚ್ಚು ತೂತಿನಲ್ಲಿ ಓಲಾಡಿದರೆ ಆ ತೂತು ಸವೆದು ಮೊಟ್ಟೆಯಾಕಾರವಾಗಿದೆ. ಹೊಸ ಬುಷ್, ಅಂದರೆ ತೂತಿಗೆ ಕೂರಿಸುವ ಪುಟ್ಟ ಲೋಹದ ಬಳೆ, ಹಾಕಿಸುವುದೇ ದಾರಿ.

ಕೈಗಡಿಯಾರಗಳು

ಚೆನ್ನಾಗಿದ್ದ ವಾಚು ಏಕಾಏಕಿ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿತೇ? ಮೊದಲ ಗುಮಾನಿ ಅಯಸ್ಕಾಂತದ ಮೇಲಿರಲಿ. ವಾಚಿನಲ್ಲಿ ಲೋಲಕದ ಕೆಲಸ ಮಾಡುವ ಬ್ಯಾಲೆನ್ಸ್ ವೀಲನ್ನು ಆಡಿಸುವ ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಕಾಂತತ್ವ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದಷ್ಟು ಸ್ಪ್ರಿಂಗ್ ಗಿಡ್ಡವಾದ ಹಾಗೆ, ಗಿಡ್ಡವಾದರೆ ಓಟ ಜೋರು. ಲ್ಯಾಪ್‌ಟಾಪ್ ಮುಚ್ಚಳ, ಸ್ಪೀಕರ್, ಫೋನಿನ ಕವರ್, ಕೈಚೀಲದ ಗುಂಡಿ, ಎಲ್ಲದರಲ್ಲೂ ಈಗ ಅಯಸ್ಕಾಂತ. ದಿಕ್ಸೂಚಿಯ ಹತ್ತಿರ ವಾಚು ಹಿಡಿಯಿರಿ. ಸೂಜಿ ಒಂದು ಕಡೆ ವಾಲಿ ನಿಂತರೆ ಹೆಚ್ಚು ಅರ್ಥ ಕೊಡಬೇಕಿಲ್ಲ, ವಾಚಿನ ಬಡಿತಕ್ಕೆ ಸರಿಯಾಗಿ ಸೂಜಿಯೂ ನಡುಗಿದರೆ ಅದೇ ದೋಷ. ರಿಪೇರಿಯವರ ಹತ್ತಿರ ಕಾಂತತ್ವ ತೆಗೆಯುವ ಪುಟ್ಟ ಯಂತ್ರ ಇರುತ್ತದೆ, ವಾಚು ಬಿಚ್ಚದೆಯೇ ಕ್ಷಣದಲ್ಲಿ ಮುಗಿಯುವ ಕೆಲಸ. ಕೆಳಗೆ ಬಿದ್ದ ಮೇಲೆ ಹಾಗೆ ಓಡತೊಡಗಿದ್ದರೆ ಸುರುಳಿ ಸಿಕ್ಕಾಗಿದೆ, ಅದು ಬಿಚ್ಚಬೇಕಾದ ಕೆಲಸ.

ಆಟೊಮ್ಯಾಟಿಕ್ ವಾಚು ಬೆಳಗ್ಗೆ ಎದ್ದಾಗ ನಿಂತಿರುವುದು ಬಹುಪಾಲು ದೋಷವಲ್ಲ. ಮೇಜಿನ ಮುಂದೆ ಕೂತೇ ಇದ್ದ ಕೈ ಅದಕ್ಕೆ ಸಾಕಷ್ಟು ಕೀ ಕೊಟ್ಟಿರುವುದಿಲ್ಲ. ಪಕ್ಕದ ತಿರುಪಿನಿಂದ ಇಪ್ಪತ್ತು ಮೂವತ್ತು ಸುತ್ತು ಕೊಟ್ಟು ಡಯಲ್ ಮೇಲೆ ಮಾಡಿ ಇಡಿ. ಒಂದೂವರೆ ದಿನವಾದರೂ ಓಡಿದರೆ ಯಂತ್ರ ಸರಿಯಾಗಿದೆ. ಕೆಲವು ಮಾದರಿಗಳಲ್ಲಿ ತಿರುಪಿನಿಂದ ಕೀ ಕೊಡಲು ಬರುವುದಿಲ್ಲ, ಅಂಥವನ್ನು ಅಡ್ಡಡ್ಡ ಮೆಲ್ಲಗೆ ಆಡಿಸಬೇಕು. ತಾರೀಖು ಮಧ್ಯಾಹ್ನ ಬದಲಾಗುತ್ತಿದ್ದರೆ ಮುಳ್ಳನ್ನು ಇನ್ನೊಂದು 12 ಗಂಟೆ ಮುಂದೆ ತಿರುಗಿಸಿ, ಅಷ್ಟೇ. ಆದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖನ್ನು ತಿರುಪಿನಿಂದ ಬದಲಿಸಬೇಡಿ. ಆ ಹೊತ್ತಿಗೆ ತಾರೀಖಿನ ಚಕ್ರಕ್ಕೆ ಹಲ್ಲು ಕೊಟ್ಟುಕೊಂಡಿರುತ್ತದೆ, ಮುರಿಯಬಹುದು.

ದಿನಕ್ಕೆ ಹತ್ತು ಸೆಕೆಂಡ್ ಹೆಚ್ಚುಕಡಿಮೆ ಎಂದು ದೂರುವವರಿಗೆ ಒಂದು ಲೆಕ್ಕ. ದಿನಕ್ಕೆ 86,400 ಸೆಕೆಂಡ್, ಅದರಲ್ಲಿ ಹತ್ತು ಎಂದರೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಚೂರು ಹೆಚ್ಚು. ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪರೀಕ್ಷಾ ಸಂಸ್ಥೆ ಪ್ರಮಾಣಪತ್ರ ಕೊಡುವುದೇ ದಿನದ ಸರಾಸರಿ ಮೈನಸ್ 4ರಿಂದ ಪ್ಲಸ್ 6 ಸೆಕೆಂಡಿನ ಒಳಗಿದ್ದರೆ. ಮಲಗಿಸಿ ಇಟ್ಟಾಗ, ತಿರುಪು ಕೆಳಗೆ ಮಾಡಿ ನಿಲ್ಲಿಸಿದಾಗ ಓಟ ಬೇರೆ ಬೇರೆ ಇರುತ್ತದೆ. ಹಗಲು ಐದು ಸೆಕೆಂಡ್ ಮುಂದೆ ಓಡುವ ವಾಚು ರಾತ್ರಿ ಯಾವ ಮಗ್ಗುಲಲ್ಲಿ ಇಟ್ಟರೆ ಹಿಂದೆ ಬರುತ್ತದೆ ಎಂದು ಕೆಲವು ರಾತ್ರಿ ಇಟ್ಟು ನೋಡಿ ಕಂಡುಕೊಂಡರೆ ರಿಪೇರಿಯ ಖರ್ಚು ಉಳಿಯುತ್ತದೆ.

ಗಾಜಿನ ಒಳಗೆ ಮಂಜು ಕಟ್ಟಿದ್ದರೆ ಮಾತ್ರ ಪ್ರಯೋಗ ಬೇಡ. ಬಿಸಿಲಿಗೆ ಇಟ್ಟರೆ ಮಂಜು ಮಾಯವಾಗುತ್ತದೆ, ನೀರು ಒಳಗೇ ಇರುತ್ತದೆ, ಉಕ್ಕಿಗೆ ತುಕ್ಕು ಹಿಡಿಯಲು ಕೆಲವೇ ದಿನ ಸಾಕು. ಅಂದೇ ಬಿಚ್ಚಿಸಿ. 1970ಕ್ಕಿಂತ ಹಿಂದಿನ, ಕತ್ತಲಲ್ಲಿ ಹೊಳೆಯುವ ಅಂಕಿಗಳಿದ್ದ ಹಳೆಯ ವಾಚುಗಳನ್ನೂ ಮನೆಯಲ್ಲಿ ಬಿಚ್ಚಬೇಡಿ. 1960ರ ದಶಕದವರೆಗೆ ಆ ಬಣ್ಣದಲ್ಲಿ ರೇಡಿಯಂ ಬಳಸುತ್ತಿದ್ದುದುಂಟು. ಹೊಳಪು ಸತ್ತಿರುತ್ತದೆ, ರೇಡಿಯಂ ಸತ್ತಿರುವುದಿಲ್ಲ. ಅದರ ಅರ್ಧಾಯುಷ್ಯ 1,600 ವರ್ಷ, ಪುಡಿಯಾಗಿ ಉದುರುವ ಬಣ್ಣ ಮೂಗಿಗೆ ಹೋಗಬಾರದು.

ರಿಪೇರಿಗೆ ಕೊಡುವಾಗ

“ಓಡ್ತಾ ಇಲ್ಲ, ನೋಡಿ” ಎಂದು ಕೊಟ್ಟು ಬರಬೇಡಿ. ನಿಂತ ಹೊತ್ತುಗಳ ಚೀಟಿ, ಕೀ ಕೊಟ್ಟ ಎಷ್ಟನೆಯ ದಿನ ನಿಂತಿತು, ವಾರಕ್ಕೆ ಎಷ್ಟು ಹಿಂದೆ ಮುಂದೆ, ಕೊನೆಯ ಸಲ ಎಣ್ಣೆ ಬಿಟ್ಟವರು ಯಾರು, ಏನು ಬಿಟ್ಟರು, ಇಷ್ಟನ್ನು ಹೇಳಿ. ಫೋನಿನಲ್ಲಿ ಅರ್ಧ ನಿಮಿಷದ ಸದ್ದು ರೆಕಾರ್ಡ್ ಮಾಡಿಕೊಂಡು ಹೋದರೆ ಇನ್ನೂ ಒಳ್ಳೆಯದು, ಏಕೆಂದರೆ ಅಂಗಡಿಯ ಮಟ್ಟಸ ಮೇಜಿನ ಮೇಲೆ ಗಡಿಯಾರ ಕುಂಟುವುದೇ ಇಲ್ಲ. ಲೋಲಕವನ್ನು ಕಳಚಿ, ಬಟ್ಟೆಯಲ್ಲಿ ಸುತ್ತಿ, ಬೇರೆಯಾಗಿಯೇ ಒಯ್ಯಿರಿ. ಕೀಯನ್ನು ಮರೆಯಬೇಡಿ. ತೂತಿನ ಅಳತೆ ಗಡಿಯಾರದಿಂದ ಗಡಿಯಾರಕ್ಕೆ ಬೇರೆ, ಅಂಗಡಿಯಲ್ಲಿ ಸಿಗುವ ಸಡಿಲ ಕೀ ಚೌಕದ ಮೂಲೆಗಳನ್ನು ತೇದುಬಿಡುತ್ತದೆ.